ಅಂಕ ಎಂಟೇ, ಆದರೂ ನಿದ್ದೆ ಬರಲಿಲ್ಲ

ಪ್ರಶ್ನೆ: ಮೇಡಂ, ನಾನು ಎಂಎಸ್‌ಡಬ್ಲ್ಯೂ (ಸಮಾಜ ಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿ ಒಂದು ವರ್ಷ ಆಯಿತು. ಸಂಸ್ಥೆಯೊಂದರ ಪರವಾಗಿ ಸೋಮವಾರಪೇಟೆ ತಾಲ್ಲೂಕಿನಲ್ಲಿ ಮನೆ ಭೇಟಿ ಮಾಡುತ್ತೇನೆ. ಮೊನ್ನೆ ಒಬ್ಬ ಬೆಳೆಗಾರರ ಮನೆಗೆ ಹೋಗಿದ್ದೆ. ವಯಸ್ಸು 55 ದಾಟಿದೆ. ಹೆಂಡತಿ ಇಲ್ಲ, ಮಗ ಬೆಂಗಳೂರಿನಲ್ಲಿದ್ದಾನೆ. 2018ರ ಭೂಕುಸಿತದಲ್ಲಿ ಅರ್ಧ ತೋಟ ಹೋಗಿದೆ. ಅವರ ಅಣ್ಣನೇ ನಮ್ಮನ್ನು ಕರೆಸಿದ್ದು, ಪಕ್ಕದಲ್ಲೇ ಕೂತಿದ್ದರು. ಖಿನ್ನತೆ ಎಷ್ಟಿದೆ ಅಂತ ನೋಡುವ ಪಿಎಚ್‌ಕ್ಯೂ-9 ಹಾಳೆಯ ಪ್ರಶ್ನೆಗಳನ್ನು ಓದಿದೆ, ಒಟ್ಟು 8 ಅಂಕ ಬಂತು. ನಗುತ್ತಲೇ ಮಾತಾಡಿದರು. ‘ಮಳೆಗಾಲ ನೋಡಿ, ನಿದ್ದೆ ಬರಲ್ಲ, ಅಷ್ಟೇ’ ಅಂದರು. ಈ ಸಲ ತೋಟಕ್ಕೆ ಗೊಬ್ಬರ ಹಾಕಿಸಿಲ್ಲವಂತೆ. ಸಾಕಿದ ಎರಡು ನಾಯಿಗಳನ್ನೂ ಪಕ್ಕದ ಮನೆಗೆ ಕೊಟ್ಟಿದ್ದಾರೆ. ನಮ್ಮ ಸೂಪರ್‌ವೈಸರ್ ‘10ಕ್ಕಿಂತ ಕಡಿಮೆ ಇದೆ, ಮುಂದಿನ ತಿಂಗಳು ನೋಡೋಣ’ ಅಂದರು. ನನಗೆ ಮಾತ್ರ ಎರಡು ರಾತ್ರಿಯಿಂದ ನಿದ್ದೆ ಇಲ್ಲ. ಅಂಕವನ್ನು ನಂಬಲೋ, ನನ್ನ ಮನಸ್ಸನ್ನು ನಂಬಲೋ?

ಉತ್ತರ: ತಂಗಿ, ನಿಮ್ಮ ಪತ್ರ ಓದಿದ ಕೂಡಲೇ ಫೋನ್ ಮಾಡಿದೆ. ಇಂಥ ಪತ್ರಕ್ಕೆ ಪತ್ರಿಕೆ ಅಚ್ಚಾಗುವ ತನಕ ಕಾಯುವಂತಿಲ್ಲ. ಆವತ್ತು ಏನು ಮಾಡಬೇಕು ಅಂತಷ್ಟೇ ಹೇಳಿದ್ದೆ. ಯಾಕೆ ಅಂತ ಹೇಳಲು ಸಮಯ ಇರಲಿಲ್ಲ. ಅದನ್ನು ಈಗ ಬರೆಯುತ್ತಿದ್ದೇನೆ. ಆ ಹಿರಿಯರ ಒಪ್ಪಿಗೆ ಪಡೆದಿದ್ದೇವೆ, ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇವೆ.

ಮೊದಲು ಆ ಹಾಳೆ. ಅದರಲ್ಲಿ ಕಳೆದ 2 ವಾರದ ಬಗ್ಗೆ 9 ಪ್ರಶ್ನೆಗಳಿವೆ. ಒಂದೊಂದಕ್ಕೂ 0ಯಿಂದ 3 ಅಂಕ, ಒಟ್ಟು 27. 5ರಿಂದ 9ರವರೆಗೆ ಖಿನ್ನತೆ ಸೌಮ್ಯ ಅಂತ ಲೆಕ್ಕ. ಲೆಕ್ಕದ ಮಟ್ಟಿಗೆ ನಿಮ್ಮ ಸೂಪರ್‌ವೈಸರ್ ಹೇಳಿದ್ದು ಸರಿಯೇ. ಆದರೆ ನೀವು ಕಳಿಸಿದ ಹಾಳೆಯಲ್ಲಿ ಆ 8 ಎಲ್ಲೆಲ್ಲಿಂದ ಬಂದಿದೆ ನೋಡಿ. ನಿದ್ದೆಗೆ 3, ಸುಸ್ತಿಗೆ 2, ಊಟಕ್ಕೆ 2. ಬೇಸರ ಇದೆಯಾ ಅಂದರೆ 0. ಆಸಕ್ತಿ ಹೋಗಿದೆಯಾ ಅಂದರೆ 0. ಕೊನೆಯ ಪ್ರಶ್ನೆಗೆ 1. ಆ ಕೊನೆಯ ಪ್ರಶ್ನೆ ಸಾವಿನ ಯೋಚನೆಯದ್ದು, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯದ್ದು. ಅಲ್ಲಿ 0 ಬಿಟ್ಟು ಬೇರೆ ಏನೇ ಬರಲಿ, ಕೂಡಿಸುವುದನ್ನು ಆಮೇಲೆ ಮಾಡಬಹುದು. ಹಾಳೆ ಕೆಳಗಿಟ್ಟು ಆ ಮನುಷ್ಯನ ಜೊತೆ ಮಾತಾಡಬೇಕು.

ಅಣ್ಣ ಪಕ್ಕದಲ್ಲಿ ಕೂತಿದ್ದರು ಅನ್ನುವುದನ್ನೂ ಮರೆಯಬೇಡಿ. ಹಿರಿಯಣ್ಣನ ಎದುರು ‘ನನಗೆ ಬೇಸರ’ ಅನ್ನುವ ಗಂಡಸರು ನಮ್ಮ ಕಡೆ ಎಷ್ಟು ಜನ ಇದ್ದಾರೆ ಹೇಳಿ. ನಿದ್ದೆ ಇಲ್ಲ, ಊಟ ಸೇರಲ್ಲ ಅನ್ನಲು ನಾಚಿಕೆ ಇಲ್ಲ. ಅದಕ್ಕೇ ಅಂಕವೆಲ್ಲ ಅಲ್ಲಿ ಬಿದ್ದಿದೆ. ಅಂಥ ಹೊತ್ತಿನಲ್ಲಿ ಬಾಯಿಂದ ಬಂದ 1 ನನಗೆ ತುಂಬ ದೊಡ್ಡದಾಗಿ ಕಾಣುತ್ತದೆ.

ಇನ್ನು ನಿಮ್ಮ ಮನಸ್ಸು. ‘ಏನೋ ಸರಿ ಇಲ್ಲ’ ಅಂತ ಅನ್ನಿಸಿದರೆ ಅದನ್ನು ತಳ್ಳಿಹಾಕಬೇಡಿ, ಹಾಗಂತ ಅಷ್ಟಕ್ಕೇ ನಂಬಲೂಬೇಡಿ. ನೋಟ್‌ಬುಕ್ ತೆಗೆದು ಬರೆಯಿರಿ. ನಾನು ಏನು ನೋಡಿದೆ? ಏನು ಕೇಳಿಸಿಕೊಂಡೆ? ನಿಮ್ಮ ಪತ್ರದಲ್ಲಿ ಅದು ಆಗಲೇ ಇದೆ. ಗೊಬ್ಬರ ಹಾಕಿಸಿಲ್ಲ. ಕಾಫಿಗೆ ಮಳೆಗೆ ಮುಂಚೆ ಗೊಬ್ಬರ ಕೊಡುವುದು ವರ್ಷದ ಕೊನೆಗೆ ಬರುವ ಫಸಲಿಗಾಗಿ. ಪ್ರತಿ ವರ್ಷ ತಪ್ಪದೆ ಹಾಕಿದವರು ಈ ಸಲ ಬಿಟ್ಟಿದ್ದಾರೆ ಅಂದರೆ, ಆ ಫಸಲು ಅವರ ಕಣ್ಣಿಗೆ ಕಾಣುತ್ತಿಲ್ಲವೇ? ಕೈಯಲ್ಲಿ ದುಡ್ಡಿಲ್ಲದೆಯೂ ಬಿಟ್ಟಿರಬಹುದು. ಕೇಳದೆ ಗೊತ್ತಾಗುವುದಿಲ್ಲ. ನಾಯಿಗಳನ್ನು ಕೊಟ್ಟದ್ದು ನನ್ನನ್ನು ಹೆಚ್ಚು ಹೆದರಿಸಿತು. ಕಾಡುಹಂದಿ, ಆನೆ ಓಡಾಡುವ ಜಾಗದಲ್ಲಿ ಒಂಟಿಯಾಗಿರುವವರು ನಾಯಿಗಳನ್ನು ಸುಮ್ನೆ ಕೊಡುವುದಿಲ್ಲ. ಪ್ರೀತಿಯಿಂದ ಸಾಕಿದ್ದನ್ನು ಬೇರೆಯವರಿಗೆ ಒಪ್ಪಿಸುವುದು ನಾವು ಗಮನಿಸಲೇಬೇಕಾದ ಲಕ್ಷಣ.

ನೋಡಿದ್ದು ಮಾತ್ರ ಸಾಲದು, ಅದೇನು ಅಂತ ತಿಳಿದಿರಬೇಕು. ಈ ಪಾಠಕ್ಕೆ ನಾನು ದುಬಾರಿ ಬೆಲೆ ಕೊಟ್ಟಿದ್ದೇನೆ. ಬೆಲೆ ತೆತ್ತವರು ಇನ್ನೊಬ್ಬರು ಅನ್ನುವುದು ಸರಿಯಾದ ಮಾತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಹೆಣ್ಣುಮಗಳನ್ನು ಕರೆತಂದಿದ್ದರು. ಸದಾ ಮಲಗಿರುತ್ತಾಳೆ, ಅಡುಗೆ ಮಾಡಲ್ಲ, ಅತ್ತೆಗೂ ಅವಳಿಗೂ ಜಗಳ. ನಾನು ‘ಕುಟುಂಬದ ಸಮಸ್ಯೆ’ ಅಂತ ಬರೆದೆ. ಮೂರು ತಿಂಗಳು ಅತ್ತೆ ಸೊಸೆಯನ್ನು ಎದುರು ಬದುರು ಕೂರಿಸಿ ಮಾತಾಡಿಸಿದೆ. ಏಪ್ರಿಲ್ ಬಿಸಿಲಿನಲ್ಲೂ ಆಕೆ ಸ್ವೆಟರ್ ಹಾಕಿ ಬರುತ್ತಿದ್ದಳು. ದನಿ ದಪ್ಪಗಾಗಿತ್ತು, ಮುಖ ಊದಿತ್ತು. ಎಲ್ಲವನ್ನೂ ನೋಡಿದ್ದೆ. ಕೊನೆಗೆ ಒಬ್ಬ ನರ್ಸ್ ಅಕ್ಕ ‘ಥೈರಾಯ್ಡ್ ನೋಡಿಸಿದ್ದೀರಾ?’ ಅಂದರು. ರಕ್ತ ಪರೀಕ್ಷೆಯಲ್ಲಿ ಅದೇ ಬಂತು. ಥೈರಾಯ್ಡ್ ಕಡಿಮೆಯಾದರೆ ಖಿನ್ನತೆಯ ಹಾಗೇ ಕಾಣುತ್ತದೆ ಅಂತ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆಕೆ ಎದುರು ಕೂತಾಗ ಅದು ನೆನಪಾಗಲಿಲ್ಲ. ಮೂರು ತಿಂಗಳು ಆ ಹೆಣ್ಣುಮಗಳು ‘ಸೋಮಾರಿ’ ಅನ್ನಿಸಿಕೊಂಡಳು. ಸಮಾಜ ಕಾರ್ಯ ಓದಿದ ನಮಗೆ ಎಲ್ಲೆಲ್ಲೂ ಸಂಬಂಧಗಳೇ ಕಾಣುತ್ತವೆ. ದೇಹವೂ ಇದೆ ಅನ್ನುವುದು ಮರೆಯುತ್ತದೆ.

ಹಾಗಂತ ನಿದ್ದೆಗೆಟ್ಟವರೆಲ್ಲ ರೋಗಿಗಳಲ್ಲ. 2018ರ ಆಗಸ್ಟ್‌ನಲ್ಲಿ ಮಡಿಕೇರಿಯ ಪರಿಹಾರ ಕೇಂದ್ರಗಳಲ್ಲಿ ಕೆಲಸ ಮಾಡಿದ್ದೆ. ಮಕ್ಕಂದೂರು ಕಡೆಯಿಂದ ಬಂದವರು ಶೀಟಿನ ಮೇಲೆ ಜೋರು ಮಳೆ ಬಿದ್ದರೆ ಎದ್ದು ಕೂರುತ್ತಿದ್ದರು. ಈಗಲೂ ಜೋರು ಮಳೆಯ ಕಕ್ಕಡ ತಿಂಗಳು (ಜುಲೈ-ಆಗಸ್ಟ್) ಬಂದರೆ ಎಷ್ಟೋ ಮನೆಗಳಲ್ಲಿ ರಾತ್ರಿ ಲೈಟು ಆರುವುದಿಲ್ಲ. ಗುಡ್ಡ ಜಾರಿದ್ದನ್ನು ಕಣ್ಣಾರೆ ಕಂಡವರು ಮಳೆಗೆ ಹೆದರುವುದು ಕಾಯಿಲೆಯಲ್ಲ. ನಾನು ಬೆಳಗಾದ ಮೇಲೆ ಏನಾಗುತ್ತದೆ ಅಂತ ನೋಡುತ್ತೇನೆ. ಮಳೆ ನಿಂತಾಗ ತೋಟಕ್ಕೆ ಇಳಿಯುತ್ತಾರಾ? ಕಕ್ಕಡದಲ್ಲಿ ಮಾಡುವ ಮದ್ದುಸೊಪ್ಪಿನ ಪಾಯಸ ಮಾಡಿ ನೆಂಟರನ್ನು ಕರೆಯುತ್ತಾರಾ? ಹೌದಾದರೆ ಜೊತೆಗೆ ಯಾರಾದರೂ ಇದ್ದರೆ ಸಾಕು, ಮಾತ್ರೆ ಬೇಕಾಗದಿರಬಹುದು. ನಿಮ್ಮ ಈ ಬೆಳೆಗಾರರ ವಿಷಯದಲ್ಲಿ ಬೆಳಗಾದರೂ ಏನೂ ತೆರೆದುಕೊಳ್ಳುತ್ತಿರಲಿಲ್ಲ.

ಫೋನಿನಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ ನೆನಪಿದೆ ಅಲ್ವಾ? ‘ಮನೆಯಲ್ಲಿ ಕೋವಿ ಇದೆಯಾ?’ ನೀವು ಸ್ವಲ್ಪ ತಡೆದು ‘ಗೋಡೆಯ ಮೇಲೆ ಇತ್ತು ಮೇಡಂ’ ಅಂದಿರಿ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಇಲ್ಲಿ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. ಆಯುಧ ಪೂಜೆಯ ಹಬ್ಬವಾದ ಕೈಲ್ ಮುಹೂರ್ತದಂದು ಪೂಜೆ ಮಾಡುವ ವಸ್ತು ಅದು. ದಿನಾ ನೋಡಿ ನೋಡಿ ನಮ್ಮ ಕಣ್ಣಿಗೇ ಬೀಳುವುದಿಲ್ಲ. ಬೇರೆ ಜಿಲ್ಲೆಯವರು ಬರೆದ ಕೈಪಿಡಿಯಲ್ಲಿ ಈ ಪ್ರಶ್ನೆ ಇರದೇ ಹೋಗಬಹುದು. ಕೊಡಗಿನಲ್ಲಿ ಕೆಲಸ ಮಾಡುವವರು ಕೇಳಲೇಬೇಕು. ತೋಟದ ಔಷಧಿಗಳ ಬಗ್ಗೆಯೂ ಕೇಳಬೇಕು. ಕಷ್ಟದ ಗಳಿಗೆ ಬಂದು ದಾಟಿ ಹೋಗುವಾಗ ಅಪಾಯದ ವಸ್ತು ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ.

ಅದೇ ಮಧ್ಯಾಹ್ನ ನೀವು ಆಶಾ ಕಾರ್ಯಕರ್ತೆಯ ಜೊತೆ ಹೋದಿರಿ. ಆಕೆ ಅಣ್ಣನನ್ನು ಒಳಗೆ ಮಾತಾಡಿಸುತ್ತಿದ್ದರು, ನೀವು ಜಗಲಿಯಲ್ಲಿ ಅವರೊಬ್ಬರ ಜೊತೆ ಕೂತಿರಿ. ಸುತ್ತಿ ಬಳಸದೆ ಕೇಳಿದಿರಿ: ‘ಸತ್ತು ಹೋಗೋಣ ಅನ್ನಿಸಿದೆಯಾ?’ ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಅನ್ನುವ ಭಯ ಬೇಡ. ಹಾಗಾಗುವುದಿಲ್ಲ. ಎಷ್ಟೋ ಜನಕ್ಕೆ ಯಾರೋ ಕೇಳಿದರಲ್ಲ ಅಂತ ಎದೆ ಹಗುರಾಗುತ್ತದೆ. ಅವರು ಬಹಳ ಹೊತ್ತು ಸುಮ್ಮನಿದ್ದು ಆಮೇಲೆ ಮಾತಾಡಿದರು. ಏನು ಹೇಳಿದರು ಅನ್ನುವುದು ಇಲ್ಲಿ ಬೇಡ.

ಅಣ್ಣನಿಗೆ ಹೇಳಿದರೆ ಗುಟ್ಟು ಮುರಿದಂತಾಗುತ್ತದಾ ಅಂತ ಅಂದು ರಾತ್ರಿ ಕೇಳಿದಿರಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಗುಟ್ಟು ಕಾಪಾಡಬೇಕು ಅನ್ನುತ್ತದೆ. ಜೀವಕ್ಕೆ ಅಪಾಯ ಇದ್ದಾಗ, ಅದನ್ನು ತಪ್ಪಿಸಲು ಬೇಕಾದಷ್ಟು ಮಾತ್ರ ಹೇಳಬಹುದು ಅಂತಲೂ ಅದರಲ್ಲೇ ಇದೆ. ನೀವು ಮಾಡಿದ್ದು ಅಷ್ಟೇ. ಅದೂ ಅವರಿಗೆ ಮೊದಲೇ ತಿಳಿಸಿ.

ಕೋವಿ ಅಣ್ಣನ ಮನೆಗೆ ಹೋಯಿತು. ಮರುದಿನ ಮಡಿಕೇರಿಯಲ್ಲಿ ಮನೋವೈದ್ಯರನ್ನು ಕಂಡರು. ಮಗ ಬಂದ. ಖಿನ್ನತೆಯ ಮಾತ್ರೆ ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕು. ಆ ವಾರಗಳಲ್ಲಿ ನೀವು ಹೋಗಿ ಬರುತ್ತಿರಲೇಬೇಕು. ರಾತ್ರಿ ಹೊತ್ತು ಅವರಿಗೆ ಯಾರಾದರೂ ಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಆ ನಂಬರನ್ನು ಕ್ಯಾಲೆಂಡರ್ ಪಕ್ಕ ದೊಡ್ಡದಾಗಿ ಬರೆದು ಅಂಟಿಸಿ. ನಿಮ್ಮ ಸೂಪರ್‌ವೈಸರ್ ಹತ್ತಿರವೂ ಮಾತಾಡಿ. ಜಗಳಕ್ಕೆ ಹೋಗಬೇಡಿ. ಹಾಳೆ ಮುಂದಿಟ್ಟು ಆ 1 ಅನ್ನು ತೋರಿಸಿ.

ಪ್ರಶ್ನೆ: ನಮ್ಮ ಮಾವ ಕಳೆದ ವರ್ಷ ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗಬೇಕೆಂದು ಹರಕೆ ಹೊತ್ತು, ಕುಡಿತವನ್ನು ಒಮ್ಮೆಲೇ ಬಿಟ್ಟರು. ಮೂರನೇ ರಾತ್ರಿ ಕೈ ನಡುಗಿತು, ಮೈಯೆಲ್ಲ ಬೆವರಿತು. ಗೋಡೆ ಮೇಲೆ ಹುಳ ಹರಿಯುತ್ತಿವೆ ಅಂತ ಕೂಗಾಡಿದರು. ಅತ್ತೆ ಗಾಳಿ ಸೋಕಿದೆ ಅಂದರು. ಊರಿನ ಸಮಾಜ ಕಾರ್ಯಕರ್ತರೊಬ್ಬರು ಬಂದು, ಗಾಳಿಯಲ್ಲ, ಈಗಲೇ ಆಸ್ಪತ್ರೆಗೆ ಅಂತ ಹಟ ಹಿಡಿದರು. ಮಾವ ಉಳಿದರು. ಆದರೆ ಡಾಕ್ಟರ್ ಅಲ್ಲದವರು ಹಾಗೆ ಹೇಳಬಹುದೇ ಅಂತ ಅತ್ತೆ ಇನ್ನೂ ಗೊಣಗುತ್ತಾರೆ.

ಉತ್ತರ: ಹೇಳಬಹುದು ಅಮ್ಮ, ಹೇಳಲೇಬೇಕು. ಮಾತ್ರೆ ಬರೆಯುವುದು ನಮ್ಮ ಕೆಲಸವಲ್ಲ. ಯಾವಾಗ ಓಡಬೇಕು ಅಂತ ತಿಳಿದಿರುವುದು ನಮ್ಮ ಕೆಲಸ. ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ, ಎರಡರಿಂದ ನಾಲ್ಕು ದಿನದ ಒಳಗೆ ಹೀಗಾಗಬಹುದು. ನಡುಕ, ಬೆವರು, ಇಲ್ಲದ್ದು ಕಾಣುವುದು, ಹೊತ್ತು ಗೊತ್ತು ತಪ್ಪುವುದು. ಕೆಲವರಿಗೆ ಫಿಟ್ಸ್ ಬರುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ಸಾವೂ ಬರಬಹುದು. ಆ ಕಾರ್ಯಕರ್ತರು ‘ಕೊನೆಯ ಸಲ ಕುಡಿದದ್ದು ಯಾವಾಗ?’ ಅಂತ ಕೇಳಿರುತ್ತಾರೆ. ಗಾಳಿಯೋ ಅಲ್ಲವೋ ಅಂತ ಅವರಿಗೆ ಗೊತ್ತಾದದ್ದು ಆ ಲೆಕ್ಕದಿಂದ.

ಮಾವನ ಹರಕೆಯನ್ನು ಯಾರೂ ತಪ್ಪು ಅನ್ನುವುದಿಲ್ಲ. ಮಾವ ಮತ್ತೆ ಕುಡಿಯಲು ಶುರು ಮಾಡಿದ್ದರೆ, ಈ ಸಲ ಬಿಡುವ ಮುಂಚೆಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಡುಕ ಬಾರದಂತೆ ಕೆಲವು ದಿನ ಮಾತ್ರೆ ಕೊಡುತ್ತಾರೆ, ಬಿ1 ವಿಟಮಿನ್ ಕೊಡುತ್ತಾರೆ. ಅಕ್ಟೋಬರ್‌ಗೆ ಇನ್ನೂ ಸಮಯ ಇದೆ. ಮೈ ಸರಿ ಮಾಡಿಕೊಂಡು ತೀರ್ಥಕ್ಕೆ ಹೋಗಿ ಬರಲಿ.