ಬೇಗ ಬೆಳೆಯುವ ಮೀನಿಂದ ದುಡ್ಡೂ ಬೇಗ ಬರುತ್ತದಾ?

ಪ್ರಶ್ನೆ: ಅಕ್ಕಾ, ಟೊಮೆಟೊಗೆಂದು ತೋಡಿಸಿದ ಕೃಷಿ ಹೊಂಡದಲ್ಲಿ ಮೀನು ಬಿಡೋಣ ಅಂತಿದ್ದೇನೆ. ಜೀನ್ ಬದಲಿಸಿದ ಮೀನು, ಅರ್ಧ ಸಮಯದಲ್ಲೇ ಬೆಳೆಯುತ್ತದೆ, ಲಾಭ ದುಪ್ಪಟ್ಟು ಅಂತ ಒಬ್ಬರು 'ಗಿಫ್ಟ್ ತಿಲಾಪಿಯಾ' ಮರಿ ಕೊಡಲು ಬಂದಿದ್ದಾರೆ. ತೆಗೆದುಕೊಳ್ಳಲಾ?
– ಓದುಗರು, ಮುಳಬಾಗಿಲು ತಾಲ್ಲೂಕು

ಉತ್ತರ: ತಮ್ಮಾ, ಮುಂಗಡ ಕೊಟ್ಟಿಲ್ಲ ತಾನೇ? ಕೊಡಬೇಡಿ. ಗಿಫ್ಟ್ ತಿಲಾಪಿಯಾ ಜೀನ್ ಬದಲಿಸಿದ ಮೀನೇ ಅಲ್ಲ. 1988ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಶುರುವಾದ ಕೆಲಸ ಅದು. ಆಫ್ರಿಕಾದಿಂದಲೂ ಏಷ್ಯಾದ ಹೊಂಡಗಳಿಂದಲೂ ತಂದ ಮೀನುಗಳನ್ನು ಕೂಡಿಸಿ, ಚೆನ್ನಾಗಿ ಬೆಳೆದದ್ದನ್ನೇ ಆರಿಸುತ್ತಾ ಬಂದರು. ನಾವು ಬಿತ್ತನೆಗೆ ಒಳ್ಳೆ ತೆನೆ ಆರಿಸಿ ಇಡ್ತೀವಲ್ಲ, ಹಾಗೆ. ಮೀನು ಒಳ್ಳೆಯದೇ. ಆದರೆ ತಿಲಾಪಿಯಾ ಸಾಕಲು ಮೀನುಗಾರಿಕೆ ಇಲಾಖೆಯ ಅನುಮತಿ ಬೇಕು. ಜೀನ್ ಬದಲಿಸಿದ ಮೀನನ್ನು ಸಾಕಿ ಮಾರಲಂತೂ ನಮ್ಮ ದೇಶದಲ್ಲಿ ಯಾರಿಗೂ ಒಪ್ಪಿಗೆ ಕೊಟ್ಟಿಲ್ಲ. ಆ ಹೆಸರು ಹೇಳಿ ಮರಿ ಮಾರುವವರನ್ನು ನಂಬುವುದು ಹೇಗೆ?

ಇನ್ನು ಲಾಭದ ಮಾತು. ಜೀನ್ ಬದಲಿಸಿದ ಮೀನು ಅಮೆರಿಕದಲ್ಲಿ ಮಾರಾಟಕ್ಕೆ ಬಂದಿತ್ತು, ಅಕ್ವಾಬೌಂಟಿ ಕಂಪನಿಯ ಸಾಲ್ಮನ್. ಬೇರೆ ಸಾಲ್ಮನ್‌ಗೆ ಮೂರು ವರ್ಷ ಹಿಡಿದರೆ ಇದಕ್ಕೆ ಒಂದೂವರೆ ವರ್ಷ ಸಾಕು ಅಂದರು. 1989ರಲ್ಲಿ ಮಾಡಿದ ಮೀನಿಗೆ ಅಲ್ಲಿನ ಸರ್ಕಾರದ ಒಪ್ಪಿಗೆ ಸಿಕ್ಕಿದ್ದು 2015ರಲ್ಲಿ. ಅಷ್ಟು ವರ್ಷದ ಖರ್ಚು ಮೀನಿನ ಮೇಲೇ ಕೂತಿತು. ತಪ್ಪಿಸಿಕೊಂಡು ಹೊಳೆ ಸೇರದಂತೆ ಕಟ್ಟಡದೊಳಗೆ ತೊಟ್ಟಿ ಕಟ್ಟಿ, ಹಗಲೂ ರಾತ್ರಿ ಪಂಪು ಓಡಿಸಬೇಕು. ಎಷ್ಟೋ ದೊಡ್ಡ ಅಂಗಡಿಗಳು ಈ ಮೀನು ಮಾರುವುದೇ ಇಲ್ಲ ಅಂದವು. 2024ರ ಕೊನೆಗೆ ಕಂಪನಿ ಸಾಕಣೆಯನ್ನೇ ನಿಲ್ಲಿಸಿತು. ಮೀನೇನೋ ಬೆಳೆಯಿತು, ವ್ಯಾಪಾರ ಕುದುರಲಿಲ್ಲ. ಇನ್ನೊಂದು ವಿಷಯ. ಆ ಮೀನು ಸಂತಾನ ಮಾಡದಂತೆ ಮಾಡಿದ್ದರು. ಅಂಥದ್ದನ್ನು ಸಾಕುವ ರೈತ ಪ್ರತಿ ಸಲವೂ ಮೊಟ್ಟೆಗೆ ಕಂಪನಿ ಬಾಗಿಲಿಗೇ ಹೋಗಬೇಕು.

ಮೀನು ಎಲ್ಲರ ಹೊಂಡದಲ್ಲೂ ಬೇಗ ಬೆಳೆದರೆ ಏನಾಗುತ್ತದೆ? ಕೋಲಾರದ ಮಂಡಿಗೆ ಟೊಮೆಟೊ ಒಟ್ಟಿಗೆ ಬಂದು ಬಿದ್ದ ದಿನ 15 ಕಿಲೋ ಬಾಕ್ಸಿಗೆ ಏನು ಸಿಗುತ್ತದೆ ಅಂತ ನಿಮಗೆ ಹೇಳಬೇಕಾ?

ನಮ್ಮದೇ ಕಥೆ ಕೇಳಿ. ಬಂಗಾರಪೇಟೆ ಕಡೆ ಕೆರೆ ಗುತ್ತಿಗೆ ಹಿಡಿದ ಮೊದಲ ವರ್ಷ, ಕಡಿಮೆ ರೇಟಿಗೆ ಸಿಕ್ಕಿತು ಅಂತ ಗೆಂಡೆ ಮರಿ ಬಿಟ್ಟೆವು. ಏಳನೇ ತಿಂಗಳಿಗೆ ಬಲೆ ಎಳೆದರೆ ಬರೀ ಗೇಣುದ್ದದ ಮೀನು, ಹೊಟ್ಟೆ ಮಾತ್ರ ಉಬ್ಬಿತ್ತು. ಮೆಲ್ಲಗೆ ಒತ್ತಿದರೆ ಸಾಕು, ಹಳದಿ ಮೊಟ್ಟೆ ಬೆರಳಿಗೆ ಅಂಟುತ್ತಿತ್ತು. ಹಾಕಿದ ತೌಡು, ಕಡಲೆಕಾಯಿ ಹಿಂಡಿ ಎಲ್ಲ ಮೊಟ್ಟೆಗೇ ಹೋಗಿತ್ತು. ವ್ಯಾಪಾರಿ ಅರ್ಧ ರೇಟು ಹೇಳಿದ. ನಮ್ಮ ಮನೆಯವರು ಏರಿ ಮೇಲೆ ಸುಮ್ನೆ ಕೂತುಬಿಟ್ಟರು.

ಆಮೇಲೆ ಅಮೂರ್ ಗೆಂಡೆಗೆ ಬದಲಾದೆವು. ಹಂಗೇರಿಯಿಂದ ತಂದ ಮೀನು, ಹೆಸರಘಟ್ಟದಲ್ಲಿ ಅಭಿವೃದ್ಧಿ ಮಾಡಿದ್ದು. ತಡವಾಗಿ ಮೊಟ್ಟೆ ಕಟ್ಟುತ್ತದೆ, ಹಾಗಾಗಿ ತಿಂದದ್ದು ಮೈಗೆ ಹತ್ತುತ್ತದೆ. ಮಳೆಗೆ ತುಂಬಿ ಬೇಸಿಗೆಗೆ ಬತ್ತುವ ನಮ್ಮ ಕೆರೆಗಳಿಗೆ ಇದಕ್ಕಿಂತ ಏನು ಬೇಕು? ಇದರಲ್ಲೂ ಜೀನ್ ಬದಲಿಸಿಲ್ಲ.

ನೀವು ಮೊದಲು ಇಲಾಖೆಯ ತಾಲ್ಲೂಕು ಕಚೇರಿಗೆ ಹೋಗಿ ಮರಿ ವಿಚಾರಿಸಿ. ಮಾರ್ಚ್‌ನಲ್ಲಿ ಹೊಂಡದಲ್ಲಿ ಎಷ್ಟಡಿ ನೀರು ಇರುತ್ತದೆ, ತಳಕ್ಕೆ ಟಾರ್ಪಾಲ್ ಹಾಕಿದ್ದೀರಾ ಅಂತ ನನಗೆ ಬರೆಯಿರಿ. ಎಷ್ಟು ಮರಿ ಬಿಡಬೇಕು ಅನ್ನುವುದನ್ನು ಮುಂದಿನ ಸಂಚಿಕೆಯಲ್ಲಿ ಹೇಳುತ್ತೇನೆ.