ಕಂಪ್ಯೂಟರ್ ಪ್ರಶ್ನೋತ್ತರ: ದೂರದಿಂದಲೇ ಮನೆಯ ಕಂಪ್ಯೂಟರ್ ತೆರೆಯುವುದು

ಪ್ರಶ್ನೆ: ಕೆಳಮನೆಯಲ್ಲಿ ಡೆಸ್ಕ್‌ಟಾಪ್, ಮಹಡಿಯಲ್ಲಿ ಲ್ಯಾಪ್‌ಟಾಪ್ ಇದೆ. ಎರಡರಲ್ಲೂ ವಿಂಡೋಸ್ 11 ಪ್ರೊ. ಮೇಲೆ ವೈಫೈ ಸಿಗದೆಂದು ಇನ್ನೊಂದು ರೂಟರ್ ಹಾಕಿಸಿದೆವು. ರಿಮೋಟ್ ಡೆಸ್ಕ್‌ಟಾಪ್ (ಒಂದು ಕಂಪ್ಯೂಟರಿನಿಂದ ಇನ್ನೊಂದನ್ನು ತೆರೆಯುವ ವಿಂಡೋಸ್ ಸೌಲಭ್ಯ) ಬಳಸಿದರೆ ಲ್ಯಾಪ್‌ಟಾಪಿನಿಂದ ಡೆಸ್ಕ್‌ಟಾಪ್ ಸಿಗುತ್ತದೆ, ಡೆಸ್ಕ್‌ಟಾಪಿನಿಂದ ಲ್ಯಾಪ್‌ಟಾಪ್ ಸಿಗುವುದಿಲ್ಲ. ಸಿಕ್ಕಾಗಲೂ ಪಿನ್ ಒಪ್ಪುವುದಿಲ್ಲ.
– ಓದುಗರು, ಕ್ಯಾತ್ಸಂದ್ರ, ತುಮಕೂರು

ಉತ್ತರ: ಒಂದು ಕಡೆಯಿಂದ ಮಾತ್ರ ಸಿಗುತ್ತದೆ ಎಂದರೆ ಬಹುಪಾಲು ಎರಡನೇ ರೂಟರಿನದೇ ಕೆಲಸ. ಅದರ ವ್ಯಾನ್ ಪೋರ್ಟಿಗೆ (ಹೊರಗಿನ ಇಂಟರ್ನೆಟ್ ಕೇಬಲ್ ಹಾಕುವ ಕಿಂಡಿ) ಕೇಬಲ್ ಚುಚ್ಚಿದ್ದರೆ ಮಹಡಿಯಲ್ಲಿ ಬೇರೆಯದೇ ನೆಟ್‌ವರ್ಕ್ ಆಗಿಬಿಡುತ್ತದೆ. ಎರಡೂ ಕಂಪ್ಯೂಟರಿನ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಅಂಕಿ) ನೋಡಿ. ಒಂದು 192.168.1 ಎಂದೂ ಇನ್ನೊಂದು 192.168.0 ಎಂದೂ ಶುರುವಾದರೆ ಅನುಮಾನವೇ ಬೇಡ. ಮಹಡಿಯ ಒಳಗಿನ ನೆಟ್‌ವರ್ಕಿನಿಂದ ಹೊರಕ್ಕೆ, ಅಂದರೆ ಕೆಳಮನೆಗೆ, ದಾರಿ ಇರುತ್ತದೆ, ಹೊರಗಿನಿಂದ ಒಳಕ್ಕೆ ಇರುವುದಿಲ್ಲ.

ಮೇಲಿನ ರೂಟರಿನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ (ಬೇರೆ ನೆಟ್‌ವರ್ಕ್ ಮಾಡದೆ ವೈಫೈ ಮಾತ್ರ ಕೊಡುವ ವಿಧಾನ) ಇದ್ದರೆ ಅದನ್ನು ಆರಿಸಿದರೆ ಸಾಕು. ಇಲ್ಲದಿದ್ದರೆ ಅದರ ವಿಳಾಸವನ್ನು ಕೆಳಗಿನ ರೂಟರಿನ ಸಾಲಿಗೆ ಸೇರಿಸಿ, ಬೇರೆ ಯಾವ ಸಾಧನಕ್ಕೂ ಹೋಗದ ಅಂಕಿ ಕೊಡಿ, 192.168.1.2 ಖಾಲಿ ಇದ್ದರೆ ಅದೇ ಆದೀತು. ನಂತರ ಡಿಎಚ್‌ಸಿಪಿ (ಸಾಧನಗಳಿಗೆ ತಾನೇ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಕೇಬಲನ್ನು ವ್ಯಾನ್‌ನಿಂದ ತೆಗೆದು ಲ್ಯಾನ್ ಪೋರ್ಟಿಗೆ (ಮನೆಯ ಸಾಧನಗಳಿಗಿರುವ ಕಿಂಡಿ) ಹಾಕಿ. ಇದೇ ಕ್ರಮದಲ್ಲಿ ಮಾಡಿ. ವಿಳಾಸ ಬದಲಿಸದೆ ಡಿಎಚ್‌ಸಿಪಿ ಆಫ್ ಮಾಡಿದರೆ ರೂಟರಿನ ಪುಟವನ್ನು ಮತ್ತೆ ತೆರೆಯುವುದೇ ಕಷ್ಟ. ಗೆಸ್ಟ್ ವೈಫೈಗೆ ಸೇರಿದ ಕಂಪ್ಯೂಟರ್‌ಗಳಿಗೂ ಸಾಮಾನ್ಯವಾಗಿ ಒಂದಕ್ಕೊಂದು ಕಾಣಿಸುವುದಿಲ್ಲ, ಅದನ್ನೂ ನೋಡಿಕೊಳ್ಳಿ.

ಇನ್ನು ಪಿನ್. ಅದು ಆಯಾ ಯಂತ್ರದ ಮುಂದೆ ಕೂತವರಿಗೆ ಮಾತ್ರ. ರಿಮೋಟ್ ಡೆಸ್ಕ್‌ಟಾಪ್ ಕೇಳುವುದು ಮೈಕ್ರೋಸಾಫ್ಟ್ ಖಾತೆಯ ಪಾಸ್‌ವರ್ಡ್. ಯಾವಾಗಲೂ ಪಿನ್ ಹಾಕಿಯೇ ಒಳಹೋಗುತ್ತಿದ್ದರೆ ಸರಿಯಾದ ಪಾಸ್‌ವರ್ಡನ್ನೂ ಅದು ತಳ್ಳಿಹಾಕಬಹುದು. ಸೆಟ್ಟಿಂಗ್ಸ್‌ನ ಸೈನ್-ಇನ್ ಆಯ್ಕೆಗಳಲ್ಲಿ ‘ವಿಂಡೋಸ್ ಹಲೋ ಮಾತ್ರ’ (ಪಿನ್, ಬೆರಳಚ್ಚು, ಮುಖದಿಂದ ಮಾತ್ರ ಲಾಗಿನ್) ಎಂಬರ್ಥದ ಗುಂಡಿ ಆಫ್ ಮಾಡಿ, ಒಮ್ಮೆ ಪಾಸ್‌ವರ್ಡ್ ಹಾಕಿ ಲಾಗಿನ್ ಆಗಿ. ಇದಕ್ಕಿಂತ ನೆಮ್ಮದಿಯ ದಾರಿ ಎಂದರೆ ಇದಕ್ಕೆಂದೇ ಒಂದು ಲೋಕಲ್ ಖಾತೆ (ಆ ಯಂತ್ರಕ್ಕೆ ಮಾತ್ರ ಸೀಮಿತವಾದದ್ದು) ತೆರೆದು, ರಿಮೋಟ್ ಡೆಸ್ಕ್‌ಟಾಪ್ ಬಳಕೆದಾರರ ಪಟ್ಟಿಗೆ ಸೇರಿಸುವುದು. ಪಾಸ್‌ವರ್ಡ್ ಖಾಲಿ ಬಿಟ್ಟ ಖಾತೆಯನ್ನು ವಿಂಡೋಸ್ ದೂರದಿಂದ ಬಿಟ್ಟುಕೊಳ್ಳುವುದಿಲ್ಲ.

ಪ್ರಶ್ನೆ: ಚಿಂತಾಮಣಿಯ ಮನೆಯ ಕಂಪ್ಯೂಟರಿನಲ್ಲಿ ಅಪ್ಪ ಅಂಗಡಿಯ ಟ್ಯಾಲಿ ಲೆಕ್ಕ ಇಟ್ಟಿದ್ದಾರೆ. ಕೋಲಾರದಿಂದ ನಾನು ನೋಡಬೇಕು. ರೂಟರಿನಲ್ಲಿ ರಿಮೋಟ್ ಡೆಸ್ಕ್‌ಟಾಪ್ ಬಳಸುವ 3389 ಪೋರ್ಟ್ ತೆರೆಯಲು ಒಬ್ಬರು ಹೇಳಿದರು. ತೆರೆದರೂ ಆಗಲಿಲ್ಲ.
– ಓದುಗರು, ಕೋಲಾರ

ಉತ್ತರ: ಆಗದಿದ್ದುದೇ ಒಳ್ಳೆಯದಾಯಿತು. ಆ ಪೋರ್ಟನ್ನು ಇವತ್ತೇ ಮುಚ್ಚಿ. ತೆರೆದ 3389 ಹುಡುಕಿ, ಬಿಡದೆ ಪಾಸ್‌ವರ್ಡ್ ಪ್ರಯತ್ನಿಸುವ ಪ್ರೋಗ್ರಾಮ್‌ಗಳು ಇಂಟರ್ನೆಟ್ಟಿನಲ್ಲಿ ಹಗಲೂ ರಾತ್ರಿ ಓಡುತ್ತಿರುತ್ತವೆ. ಒಳಹೊಕ್ಕವರು ಲೆಕ್ಕದ ಫೈಲಿಗೆಲ್ಲ ಬೀಗ ಜಡಿದು ಹಣ ಕೇಳುತ್ತಾರೆ. 2019ರಲ್ಲಿ ಬಯಲಾದ ಬ್ಲೂಕೀಪ್ ಎಂಬ ರಿಮೋಟ್ ಡೆಸ್ಕ್‌ಟಾಪ್ ದೋಷಕ್ಕಂತೂ ಪಾಸ್‌ವರ್ಡೇ ಬೇಕಿರಲಿಲ್ಲ. ಮೈಕ್ರೋಸಾಫ್ಟ್ ಆಗಲೇ ಕೈಬಿಟ್ಟಿದ್ದ ವಿಂಡೋಸ್ ಎಕ್ಸ್‌ಪಿಗೂ ಅಪ್‌ಡೇಟ್ ಕೊಡಬೇಕಾಯಿತು.

ಆಗದಿದ್ದುದಕ್ಕೆ ಕಾರಣ ರೂಟರಿನ ವ್ಯಾನ್ ವಿಳಾಸದಲ್ಲಿ ಸಿಗಬಹುದು. ಅದು 100.64ರಿಂದ 100.127ರ ನಡುವೆ ಶುರುವಾಗಿದ್ದರೆ ಇಂಟರ್ನೆಟ್ ಕಂಪನಿಯವರು ಒಂದೇ ಹೊರವಿಳಾಸವನ್ನು ಅನೇಕ ಮನೆಗಳಿಗೆ ಹಂಚಿದ್ದಾರೆ. ನಿಮ್ಮ ರೂಟರಿನಲ್ಲಿ ಪೋರ್ಟ್ ತೆರೆದು ಪ್ರಯೋಜನವಿಲ್ಲ.

ಅಪ್ಪನ ಕಂಪ್ಯೂಟರ್ ಪ್ರೊ ಆವೃತ್ತಿಯಾದರೆ ಎರಡೂ ಕಡೆ ಟೇಲ್‌ಸ್ಕೇಲ್ (ನಿಮ್ಮ ಯಂತ್ರಗಳನ್ನಷ್ಟೇ ಖಾಸಗಿಯಾಗಿ ಜೋಡಿಸುವ ಆ್ಯಪ್) ಹಾಕಿ, ಒಂದೇ ಖಾತೆಯಿಂದ ಲಾಗಿನ್ ಆಗಿ. ಪ್ರತಿ ಯಂತ್ರಕ್ಕೂ 100ರಿಂದ ಶುರುವಾಗುವ ಖಾಸಗಿ ವಿಳಾಸ ಸಿಗುತ್ತದೆ. ಮನೆಯ ಯಂತ್ರದ್ದನ್ನು ರಿಮೋಟ್ ಡೆಸ್ಕ್‌ಟಾಪ್ ಕನೆಕ್ಷನ್‌ನಲ್ಲಿ ಹಾಕಿ. ಮನೆಯ ಯಂತ್ರದಲ್ಲಿ ‘ರನ್ ಅನ್‌ಅಟೆಂಡೆಡ್’ ಆನ್ ಇರಲಿ, ಇಲ್ಲವಾದರೆ ಅಪ್ಪ ಲಾಗಿನ್ ಆಗುವ ತನಕ ಸಂಪರ್ಕ ಸಿಗದು. ಟೇಲ್‌ಸ್ಕೇಲ್‌ನ ಕೀ (ಯಂತ್ರದ ಲಾಗಿನ್ ಗುರುತು) ಅವಧಿ ಸಾಮಾನ್ಯವಾಗಿ 180 ದಿನಕ್ಕೆ ಮುಗಿಯುತ್ತದೆ. ಮನೆಯ ಯಂತ್ರಕ್ಕೆ ಮಾತ್ರ ಈ ಅವಧಿಯ ಮಿತಿಯನ್ನು ತೆಗೆದುಹಾಕಿ. ಆದರೆ ನೀವು ಒಳಹೋದಾಗ ಅಪ್ಪನ ಪರದೆ ಲಾಕ್ ಆಗುತ್ತದೆ. ಇಬ್ಬರೂ ಒಟ್ಟಿಗೆ ನೋಡಬೇಕಿದ್ದರೆ, ಅಥವಾ ಯಂತ್ರದಲ್ಲಿರುವುದು ಹೋಮ್ ಆವೃತ್ತಿಯಾದರೆ, ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಬಳಸಿ. ಕನಿಷ್ಠ 6 ಅಂಕಿಯ ಪಿನ್ ಕೇಳುತ್ತದೆ, ಜನ್ಮದಿನಾಂಕ ಬೇಡ.

ಯಾವ ದಾರಿ ಹಿಡಿದರೂ ಮನೆಯ ಯಂತ್ರದಲ್ಲಿ ಸ್ಲೀಪ್ ‘ನೆವರ್’ ಆಗಿರಬೇಕು. ಕರೆಂಟ್ ಹೋಗಿ ಬಂದಾಗ ತಾನೇ ಆನ್ ಆಗಲು ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ ಪುಟ) ಎಸಿ ಪವರ್ ಲಾಸ್ ಬಗೆಗಿನ ಆಯ್ಕೆಯನ್ನು ‘ಪವರ್ ಆನ್’ ಮಾಡಿ. ರೂಟರಿಗೂ ಯುಪಿಎಸ್ ಬೇಕು.

ಪ್ರಶ್ನೆ: ಬ್ಯಾಂಕಿನಿಂದ ಎಂದು ಫೋನ್ ಮಾಡಿದವರು ಎನಿಡೆಸ್ಕ್ (ದೂರದಿಂದ ಪರದೆ ನೋಡುವ ಆ್ಯಪ್) ಹಾಕಿಸಿ 9 ಅಂಕಿ ಕೇಳಿದರು. ಕೊಡಬಹುದೇ?
– ಓದುಗರು, ಗೌರಿಬಿದನೂರು

ಉತ್ತರ: ಖಂಡಿತ ಬೇಡ. ಆ ಆ್ಯಪ್ ಕೆಟ್ಟದ್ದಲ್ಲ, ಆದರೆ ಅಂಕಿ ಕೊಟ್ಟು ಅನುಮತಿ ಒತ್ತಿದರೆ ಓಟಿಪಿ ಸಮೇತ ಪರದೆಯೆಲ್ಲ ಅವರಿಗೆ ಕಾಣುತ್ತದೆ. ಕೊಟ್ಟಾಗಿದ್ದರೆ ಮೊದಲು ಇಂಟರ್ನೆಟ್ ಕಡಿಯಿರಿ, ಆ್ಯಪ್ ತೆಗೆಯಿರಿ, ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆ ತಡೆಹಿಡಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.