ಸಂಪಾದಕರ ಉತ್ತರ: ಇನ್ನೂ ಬಾರದ ಆಟದ ಬಗ್ಗೆ ಜಗಳ

ಪತ್ರದ ಸಾರ: ಬಿಡುಗಡೆಯಾಗಲಿರುವ ಒಂದು ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮಿನ (ಮೇಜಿನ ಸುತ್ತ ಕೂತು, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ದಾಳ ಹಾಕಿ ಆಡುವ ಕಥೆಯಾಟ) ಪ್ಲೇಟೆಸ್ಟ್ ಪ್ರತಿ, ಅಂದರೆ ಬಿಡುಗಡೆಗೆ ಮೊದಲು ಆಡಿ ಪರೀಕ್ಷಿಸಲು ಕೊಡುವ ಕರಡು, ಓದುಗರೊಬ್ಬರ ಕೈಗೆ ಬಂದಿದೆ. ಐವರ ಗುಂಪಿನಲ್ಲಿ ಇಬ್ಬರು ‘ಫೈಟರ್‌ನನ್ನು ಹಾಳುಗೆಡವಿದ್ದಾರೆ’ (ಫೈಟರ್ ಎಂದರೆ ಆಯುಧ ಹಿಡಿದು ಕಾದಾಡುವ ಪಾತ್ರ) ಎನ್ನುತ್ತಾರೆ, ಇಬ್ಬರು ಈಗಲೇ ಪ್ರೀಆರ್ಡರ್ ಮಾಡೋಣ ಎನ್ನುತ್ತಾರೆ. ಯಾರೂ ಇನ್ನೂ ಒಂದು ಸಲವೂ ದಾಳ ಉರುಳಿಸಿಲ್ಲ. ಅಭಿಮಾನಿಗಳ ಮಾತನ್ನು ವಿನ್ಯಾಸಕಾರರು ನಿಜಕ್ಕೂ ಕೇಳುತ್ತಾರೆಯೇ, ಕೇಳುವುದಾದರೆ ಹೇಗೆ ಬರೆಯಬೇಕು ಎಂಬುದು ಪ್ರಶ್ನೆ.

ಪ್ರಿಯ ಓದುಗರೇ,

ಕೇಳುತ್ತಾರೆ. ತೊಂದರೆ ಎಲ್ಲಿದೆ ಎಂದು ಆಟಗಾರರಿಂದ ತಿಳಿದುಕೊಳ್ಳುತ್ತಾರೆ, ಪರಿಹಾರವನ್ನು ಸಾಮಾನ್ಯವಾಗಿ ತಾವೇ ಹುಡುಕಿಕೊಳ್ಳುತ್ತಾರೆ. ಪಾತ್‌ಫೈಂಡರ್ ಎಂಬ ಇಂಥದೇ ಆಟದ ಎರಡನೆಯ ಆವೃತ್ತಿಯನ್ನೇ ನೋಡಿ. ಅದರ ಪ್ಲೇಟೆಸ್ಟ್ 2018ರ ಆಗಸ್ಟ್‌ನಲ್ಲಿ ಬಂತು. ಅದರಲ್ಲಿ ‘ರೆಸೊನೆನ್ಸ್’ ಎಂಬ ನಿಯಮವಿತ್ತು: ಪಾತ್ರದ ಲೆವೆಲ್‌ಗೆ ಕರಿಸ್ಮಾ (ವ್ಯಕ್ತಿತ್ವದ ಸೆಳೆತ) ಗುಣದಿಂದ ಬರುವ ಸಣ್ಣ ಅಂಕಿಯಾದ ಮಾಡಿಫೈಯರ್ ಕೂಡಿಸಿದರೆ ಎಷ್ಟೋ ಅಷ್ಟು ಅಂಕ, ಮಾಂತ್ರಿಕ ವಸ್ತು ಬಳಸಿದಾಗಲೆಲ್ಲ ಒಂದು ಖರ್ಚು. ಉದ್ದೇಶ ಕೆಟ್ಟದ್ದಲ್ಲ. ಹಳೆಯ ಆವೃತ್ತಿಯಲ್ಲಿ 50 ಸಲ ಬಳಸಬಹುದಾದ ಅಗ್ಗದ ಗಾಯ ಮಾಯಿಸುವ ಮಂತ್ರದಂಡ ಕೊಂಡು, ಪ್ರತಿ ಕಾಳಗದ ನಂತರ ಎಲ್ಲರೂ ಪೂರ್ತಿ ಚೇತರಿಸಿಕೊಳ್ಳುತ್ತಿದ್ದರು. ಅದಕ್ಕೆ ಕಡಿವಾಣ ಬೇಕಿತ್ತು. ಆದರೆ ಆಡಿದಾಗ ಆದದ್ದೇನು? ಮೊದಲ ಲೆವೆಲ್‌ನ, ಕರಿಸ್ಮಾ 10 (ಮಾಡಿಫೈಯರ್ ಸೊನ್ನೆ) ಇರುವ ಫೈಟರ್‌ಗೆ ದಿನಕ್ಕೆ ಒಂದೇ ಅಂಕ. ಎರಡನೆಯ ಸಲ ಔಷಧದ ಸೀಸೆ ಎತ್ತಿದರೆ ಅದೃಷ್ಟದ ದಾಳ ಹಾಕಬೇಕು; ಗರ ಕೈಕೊಟ್ಟರೆ ಕುಡಿದದ್ದೂ ವ್ಯರ್ಥ. 2019ರ ಆಗಸ್ಟ್ 1ರಂದು ಬಂದ ಅಂತಿಮ ಪುಸ್ತಕದಲ್ಲಿ ಆ ಅಂಕಗಳಿಲ್ಲ. ಧರಿಸುವ ಮಾಂತ್ರಿಕ ವಸ್ತುಗಳಿಗೆ ದಿನಕ್ಕೆ 10ರ ಮಿತಿ ಮಾತ್ರ ಉಳಿಯಿತು. ‘ನನಗೆ ಕರಿಸ್ಮಾ ಇಷ್ಟವಿಲ್ಲ’ ಎಂಬ ದೂರಿನಿಂದ ಇಂಥ ತಿದ್ದುಪಡಿ ಹುಟ್ಟುವುದು ಕಷ್ಟ. ‘ಎರಡನೆಯ ಸೀಸೆ ವ್ಯರ್ಥವಾಗಿ ಪಾತ್ರ ಸತ್ತಿತು’ ಎಂಬ ವರದಿಯಿಂದ ಹುಟ್ಟಬಹುದು.

ನಿಮ್ಮ ಗೆಳೆಯರ ಫೈಟರ್ ದೂರಿಗೂ ಹಳೆಯ ನೆಂಟಸ್ತಿಕೆಯಿದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೆಯ ಆವೃತ್ತಿಯ ಬಹಿರಂಗ ಪರೀಕ್ಷೆ 2012ರ ಮೇ ತಿಂಗಳಲ್ಲಿ ಶುರುವಾಯಿತು. ಮೊದಲ ಕಂತಿನ ಫೈಟರ್‌ಗೆ ಹೊಡೆಯುವುದು ಬಿಟ್ಟರೆ ಹೆಚ್ಚು ಕೆಲಸವಿರಲಿಲ್ಲ. ಅದೇ ವರ್ಷದ ಮುಂದಿನ ಕಂತಿನಲ್ಲಿ ಪ್ರತಿ ಸುತ್ತಿಗೂ ಬೇರೆ ಬೇರೆ ಪಟ್ಟುಗಳಿಗೆ ಬಳಸುವ ಹೆಚ್ಚುವರಿ ದಾಳಗಳು ಬಂದವು. ಕೆಲವರಿಗೆ ಅದು ಬೇಕಿತ್ತು, ಕೆಲವರಿಗೆ ತಲೆನೋವು. 2014ರ ಪುಸ್ತಕದಲ್ಲಿ ಆ ದಾಳಗಳು ಫೈಟರ್ ಪಾತ್ರದ ಬ್ಯಾಟಲ್ ಮಾಸ್ಟರ್ ಎಂಬ ಶಾಖೆಗೆ ಸೇರಿದವು. ಲೆಕ್ಕ ಬೇಡವೆನ್ನುವವರಿಗೆ ಚಾಂಪಿಯನ್ ಎಂಬ ಇನ್ನೊಂದು ಶಾಖೆ ಸಿಕ್ಕಿತು. ಎರಡೂ ಪಕ್ಷಕ್ಕೆ ಜಾಗವಾಯಿತು, ಆದರೆ ಒಂದೇ ಪುಟದಲ್ಲಲ್ಲ.

ಓದಿ ಮಾತ್ರ ತೀರ್ಪು ಕೊಟ್ಟರೆ ಎಡವುವುದು ಹೆಚ್ಚಾಗಿ ಲೆಕ್ಕದಲ್ಲಿ. ‘ಬರೀ +1 ಕೊಟ್ಟಿದ್ದಾರೆ, ಏನು ಪ್ರಯೋಜನ’ (ಬಿದ್ದ ಗರಕ್ಕೆ ಒಂದು ಕೂಡಿಸಿಕೊಳ್ಳುವ ಅನುಕೂಲ) ಎಂಬ ಗೊಣಗಾಟ ಪ್ರತಿ ಹೊಸ ಆಟಕ್ಕೂ ತಪ್ಪಿದ್ದಲ್ಲ. ಗುರಿಗಿಂತ 10 ಹೆಚ್ಚು ಬಂದರೆ ಇಮ್ಮಡಿ ಪೆಟ್ಟು ಎಂಬ ನಿಯಮವಿರುವ ಆಟವೆಂದುಕೊಳ್ಳಿ. 20 ಮುಖದ ದಾಳದಲ್ಲಿ ನಿಮಗೆ 10 ಬೇಕು. ಆಗ 10ರಿಂದ 19ರವರೆಗೆ ಹತ್ತು ಗರಗಳಿಗೆ ಒಂದೊಂದು ಪೆಟ್ಟು, 20ಕ್ಕೆ ಎರಡು, ಒಟ್ಟು 12. +1 ಸಿಕ್ಕರೆ 9 ಬಿದ್ದರೂ ಸಾಕು, 9ರಿಂದ 18ರವರೆಗೆ ಹತ್ತು, 19 ಮತ್ತು 20ಕ್ಕೆ ಎರಡೆರಡು, ಒಟ್ಟು 14. ಅಂದರೆ ಸರಾಸರಿ ಹಾನಿ ಸುಮಾರು ಶೇ. 17ರಷ್ಟು ಏರಿತು. ಪುಟದ ಮೇಲೆ ಬಡಪಾಯಿಯಂತೆ ಕಾಣುವ ಅಂಕಿ ಅದು.

ಎರಡು ದಾಳ ಹಾಕಿ ದೊಡ್ಡದನ್ನು ಇಟ್ಟುಕೊಳ್ಳುವ ‘ಅಡ್ವಾಂಟೇಜ್’ ನಿಯಮ ಇದಕ್ಕೆ ತಿರುಗುಮುರುಗು. ಓದಿದಾಗ ಭಾರಿ ಎನಿಸುತ್ತದೆ. 11 ಬೇಕಿದ್ದಾಗ ಗೆಲುವಿನ ಸಾಧ್ಯತೆ ಶೇ. 50ರಿಂದ 75ಕ್ಕೆ ಜಿಗಿಯುವುದೂ ನಿಜ. ಆದರೆ 20ರ ಗರವೇ ಬೇಕಾದಾಗ ಶೇ. 5ರಿಂದ 9.75ಕ್ಕೆ ಏರುತ್ತದೆ, ಅಷ್ಟೇ. ಆದ್ದರಿಂದ ನಿಮ್ಮ ಗುಂಪು ಎಂಥ ಶತ್ರುಗಳ ಎದುರು ಆಡಿತು ಎಂಬುದನ್ನು ಬರೆಯದೆ ‘ಅಡ್ವಾಂಟೇಜ್ ತೀರಾ ಬಲವಾಗಿದೆ’ ಎಂದರೆ ಯಾರಿಗೂ ಉಪಯೋಗವಿಲ್ಲ.

ಈಗ ಮಾಡಬೇಕಾದ ಕೆಲಸ. ಕನಿಷ್ಠ ಮೂರು ಸೆಷನ್ ಆಡಿ: ಮೊದಲ ಲೆವೆಲ್‌ನಲ್ಲಿ ಒಂದು, ನಡುವಿನ ಲೆವೆಲ್‌ನಲ್ಲಿ ಒಂದು, ಪ್ರತಿಯಲ್ಲಿರುವ ಅತಿ ಎತ್ತರದ ಲೆವೆಲ್‌ನಲ್ಲಿ ಒಂದು. ಮೊದಲ ಲೆವೆಲ್ ಆಡಿ ನಿಲ್ಲಿಸುವುದು ಎಲ್ಲರೂ ಮಾಡುವ ತಪ್ಪು. ಆಟಗಳು ಕುಸಿಯುವುದು ಹೆಚ್ಚಾಗಿ ಮೇಲಿನ ಲೆವೆಲ್‌ಗಳಲ್ಲಿ, ಒಂದೊಂದು ಸರದಿಗೂ ಹತ್ತು ಆಯ್ಕೆಗಳು ಎದುರು ನಿಂತಾಗ. ಪಾತ್ರ ಕಟ್ಟುವಾಗಲೇ ಗಡಿಯಾರ ನೋಡಿ, ಎಷ್ಟು ಹೊತ್ತಾಯಿತು, ಯಾವ ಪುಟಕ್ಕೆ ಎಷ್ಟು ಸಲ ಹಿಂತಿರುಗಬೇಕಾಯಿತು ಎಂದು ಬರೆದಿಡಿ. ಕಾಳಗದಲ್ಲಿ ಗೇಮ್ ಮಾಸ್ಟರ್ (ಕಥೆ ಹೇಳಿ ಆಟ ನಡೆಸುವವರು) ಅಲ್ಲದ ಒಬ್ಬರು ನಾಲ್ಕು ಅಂಕಣದ ಹಾಳೆ ಇಟ್ಟುಕೊಳ್ಳಲಿ: ಯಾರ ಸರದಿ, ಎಷ್ಟು ಹೊತ್ತು, ಏನು ಮಾಡಿದರು, ನಿಯಮ ಹುಡುಕಬೇಕಾಯಿತೇ. ಇದು ಬೇಸರದ ಕೆಲಸ, ಸುಳ್ಳು ಹೇಳುವುದಿಲ್ಲ.

ಪರೀಕ್ಷೆಯನ್ನು ಕೆಡಿಸುವವರು ಬಹುತೇಕ ಒಳ್ಳೆಯ ಗೇಮ್ ಮಾಸ್ಟರ್‌ಗಳೇ. ನಿಯಮ ಮುಗ್ಗರಿಸಿದ ಕಡೆ ಅವರು ಅಭ್ಯಾಸಬಲದಿಂದ ಸರಿಮಾಡಿಬಿಡುತ್ತಾರೆ. ಶತ್ರುವಿನ ಪ್ರಾಣಾಂಕವನ್ನು ಗುಟ್ಟಾಗಿ ಇಳಿಸುತ್ತಾರೆ, ಗೊಂದಲದ ಸಾಲನ್ನು ಹಳೆಯ ಆಟದ ಅರ್ಥದಲ್ಲಿ ಓದುತ್ತಾರೆ. ಸಂಜೆ ಸೊಗಸಾಗಿ ಕಳೆಯುತ್ತದೆ, ವರದಿಯಲ್ಲಿ ‘ಚೆನ್ನಾಗಿತ್ತು’ ಎಂದು ಬರುತ್ತದೆ, ದೋಷ ಅಚ್ಚಿಗೆ ಹೋಗುತ್ತದೆ. ಮೂರು ಸೆಷನ್ ಮಟ್ಟಿಗೆ ನೀವೇ ಮಾಡಿಕೊಂಡ ಹೌಸ್ ರೂಲ್‌ಗೆ ರಜೆ ಕೊಡಿ, ನಿಯಮ ಒಡೆಯುವ ಕಡೆ ಒಡೆಯಲಿ.

ಬರೆಯುವಾಗ ‘ಫೈಟರ್ ಬೋರು’ ಎಂದರೆ ಅದನ್ನು ಯಾವ ಕಡತಕ್ಕೂ ಸೇರಿಸಲಾಗದು. ಬದಲಿಗೆ ಹೀಗೆ: ‘5ನೇ ಲೆವೆಲ್, 4 ಆಟಗಾರರು, 6 ಶತ್ರುಗಳು. ಕಾಳಗ 5 ಸುತ್ತು, 70 ನಿಮಿಷ. ಫೈಟರ್‌ನ ಸರದಿ ತಲಾ 40 ಸೆಕೆಂಡು, ವಿಝಾರ್ಡ್‌ನದು 3 ನಿಮಿಷ. ಐದು ಸುತ್ತಿನಲ್ಲೂ ಫೈಟರ್ ಖಡ್ಗ ಬೀಸಿದ್ದೊಂದೇ. ಬೇರೆ ಆಯ್ಕೆಗಳಿಂದ ಹಾನಿ ಕಡಿಮೆಯಾಗುತ್ತಿತ್ತು.’ ಕೊನೆಯ ಸಾಲಿನಲ್ಲೇ ಕಾರಣವೂ ಇದೆ. ಪರಿಹಾರ ಸೂಚಿಸಲೇಬೇಕೆಂದು ಕೈ ತುರಿಸಿದರೆ ಬೇರೆ ಪ್ಯಾರಾದಲ್ಲಿ, ಎರಡು ಸಾಲಿಗೆ ಮೀರದಂತೆ ಬರೆಯಿರಿ. ಇಷ್ಟವಾದದ್ದನ್ನೂ ಬರೆಯಿರಿ. ದೂರುಗಳಷ್ಟೇ ಬಂದರೆ, ಗುಂಪಿಗೆ ಮೆಚ್ಚಿಗೆಯಾಗಿದ್ದ ನಿಯಮವೂ ಮುಂದಿನ ಕಂತಿನಲ್ಲಿ ಮಾಯವಾಗಬಹುದು, ಅದು ಬೇಕಿತ್ತೆಂದು ಹೇಳಿದವರೇ ಇರಲಿಲ್ಲವಲ್ಲ.

ಹೊತ್ತಿನ ಮಾತೂ ಇದೆ. ಐದನೆಯ ಆವೃತ್ತಿಯ ಕೊನೆಯ ಬಹಿರಂಗ ಕಂತು 2013ರ ಸೆಪ್ಟೆಂಬರ್‌ನಲ್ಲಿ ಬಂತು, ಆಟಗಾರರ ಕೈಪಿಡಿ 2014ರ ಆಗಸ್ಟ್‌ನಲ್ಲಿ. ನಡುವಿನ ಹನ್ನೊಂದು ತಿಂಗಳು ತಿದ್ದುವುದಕ್ಕೆ, ಪುಟ ಕಟ್ಟುವುದಕ್ಕೆ, ಅಚ್ಚಿಗೆ, ಸಾಗಣೆಗೆ. ಆಟಗಾರರ ಅಭಿಪ್ರಾಯ ಕೇಳುವ ಸಮೀಕ್ಷೆ ಮುಚ್ಚಿದ ಮೇಲೆ ಮೂಲ ನಿಯಮದ ಮೇಲೆ ಕೂಗಾಡಿದರೆ ಗಂಟಲು ನೋವಷ್ಟೇ. ಆ ಹಂತದಲ್ಲಿ ಕಾಗುಣಿತ, ತಪ್ಪಾದ ಪುಟಸಂಖ್ಯೆ, ಎರಡು ಕಡೆ ಬೇರೆ ಬೇರೆಯಾಗಿರುವ ಅಂಕಿ, ಇಂಥವನ್ನು ತಿಳಿಸಿದರೆ ಇನ್ನೂ ತಿದ್ದಬಹುದು.

ಪ್ರೀಆರ್ಡರ್? ಪ್ಲೇಟೆಸ್ಟ್ ಪ್ರತಿಯನ್ನು ನೋಡಿ ನಿರ್ಧರಿಸಬೇಡಿ, ಅದರಲ್ಲಿ ಇರುವುದು ಹೋಗಬಹುದು. ಡ್ಯಾಗರ್‌ಹಾರ್ಟ್‌ನ (ಇದೂ ಇಂಥದೇ ಆಟ) 2024ರ ಬಹಿರಂಗ ಬೀಟಾದಲ್ಲಿ, ಅಂದರೆ ಪರೀಕ್ಷಾ ಕರಡಿನಲ್ಲಿ, ಆಟಗಾರರು ಎಷ್ಟು ಸಲ ನಡೆ ಇಟ್ಟರು ಎಂದು ಲೆಕ್ಕವಿಡುವ ಬಿಲ್ಲೆಗಳ ಫಲಕವಿತ್ತು. 2025ರ ಪುಸ್ತಕದಲ್ಲಿ ಅದಿಲ್ಲ. ಆ ಫಲಕಕ್ಕಾಗಿ ಮುಂಗಡ ಕೊಟ್ಟವರೂ ಅದನ್ನು ಬೈದು ಬಿಟ್ಟವರೂ ಒಂದೇ ದೋಣಿಯಲ್ಲಿ ಉಳಿದರು. ಮೂರು ಸೆಷನ್ ಮುಗಿಸಿ, ವರದಿ ಕಳುಹಿಸಿ, ಮುಂದಿನ ಕಂತು ಬರುವವರೆಗೆ ಹಣ ಜೇಬಿನಲ್ಲೇ ಇರಲಿ. ಹೊಸ ಕಂತು ಬಂದ ದಿನ ಹಳೆಯ ಪ್ರತಿಯನ್ನೂ ಅದರಿಂದ ಕಟ್ಟಿದ ಕ್ಯಾರೆಕ್ಟರ್ ಶೀಟುಗಳನ್ನೂ ಮೇಜಿನಿಂದ ತೆಗೆದಿಡಿ. ಎರಡು ಕಂತುಗಳ ನಿಯಮ ಬೆರೆಸಿ ಆಡಿದ ಕಾಳಗದ ವರದಿ ಯಾವ ಕಂತಿಗೂ ಸೇರುವುದಿಲ್ಲ.

— ಸಂಪಾದಕ